ಉ: ಎಲ್ಲರೂ ‘ಹೆಲ್ಪ್’ ಅಂದರೆ ಎಷ್ಟು ಅಡ್ವಾಂಟೇಜ್?

ಡಂಜನ್ಸ್ ಅಂಡ್ ಡ್ರ್ಯಾಗನ್ಸ್ (ಪಾತ್ರ ವಹಿಸಿ, ಡೈಸ್ ಹಾಕಿ ಆಡುವ ಆಟ) 5ನೇ ಆವೃತ್ತಿಯಲ್ಲಿ ಮೂವರು ಸೇರಿ ಒಬ್ಬನಿಗೆ ಸಹಾಯ ಮಾಡಿದರೆ ಮೂರು ಡೈಸ್ ಜಾಸ್ತಿ ಹಾಕಬಹುದಾ ಅಂತ ಕೇಳಿದ್ದೀರಿ. ಇಲ್ಲ. ಎಷ್ಟೇ ಜನ ಕೈಜೋಡಿಸಿದರೂ ಅಡ್ವಾಂಟೇಜ್ ಒಂದೇ: ಡಿ20 (20 ಮುಖದ ಡೈಸ್) ಎರಡು ಸಲ ಹಾಕಿ ದೊಡ್ಡದನ್ನು ತಗೊಳ್ಳಿ. ಅದೇನೂ ಕಮ್ಮಿಯಲ್ಲ. ಡಿಸಿ (ಗೆಲ್ಲೋಕೆ ಮುಟ್ಟಬೇಕಾದ ಅಂಕ) 15, ಡೈಸ್ ಅಂಕಕ್ಕೆ ಕೂಡಿಸುವ ಬೋನಸ್ +3 ಇದ್ದರೆ ಡೈಸ್‌ನಲ್ಲಿ 12 ಅಥವಾ ಜಾಸ್ತಿ ಬೀಳಬೇಕು. ಗೆಲ್ಲುವ ಸಾಧ್ಯತೆ 45%ರಿಂದ ಸುಮಾರು 70%ಕ್ಕೆ ಏರುತ್ತೆ.

ಅದಕ್ಕೇ ಎಲ್ಲರೂ ಸುಮ್ಮನೆ ‘ನಾನೂ ಹೆಲ್ಪ್’ ಅಂದಾಗ ಆಟ ಸಪ್ಪೆಯಾಗೋದು. ಈ ಆವೃತ್ತಿಯ 2014ರ ನಿಯಮದ ಪ್ರಕಾರ ಆ ಕೆಲಸವನ್ನು ಒಬ್ಬನೇ ಮಾಡಬಲ್ಲವನು ಮಾತ್ರ ನೆರವಾಗಬಹುದು. ಬೀಗ ತೆಗೆಯೋಕೆ ಥೀವ್ಸ್ ಟೂಲ್ಸ್ (ಬೀಗ ತೆಗೆಯುವ ಸಲಕರಣೆ) ಪ್ರಾವೀಣ್ಯ ಬೇಕಿದ್ದರೆ, ಅದಿಲ್ಲದ ಫೈಟರ್ (ಯೋಧನ ಪಾತ್ರ) ಪಕ್ಕದಲ್ಲಿ ದೀಪ ಹಿಡಿದು ನಿಂತರೆ ಲೆಕ್ಕಕ್ಕಿಲ್ಲ. 2024ರ ನಿಯಮದಲ್ಲಿ ಸಹಾಯಕನಿಗೆ ಆ ಸ್ಕಿಲ್ ಅಥವಾ ಟೂಲ್‌ನಲ್ಲಿ ಪ್ರಾವೀಣ್ಯ ಇರಲೇಬೇಕು. ‘ಹೇಗೆ ಸಹಾಯ ಮಾಡ್ತೀಯ?’ ಅಂತ ಒಂದು ಮಾತು ಕೇಳಿ, ಅರ್ಧ ಸಮಸ್ಯೆ ಅಲ್ಲೇ ಮುಗಿಯುತ್ತೆ.

ಕಾಳಗದಲ್ಲಾದರೆ ಇದಕ್ಕೆ ಒಂದು ಆಕ್ಷನ್ (ನಿಮ್ಮ ಸರದಿಯ ಮುಖ್ಯ ಕೆಲಸ) ಖರ್ಚು. ಶತ್ರು ನಿಮ್ಮಿಂದ 5 ಅಡಿಯೊಳಗಿರಬೇಕು, ಲಾಭ ಸಿಗೋದು ಜೊತೆಗಾರನ ಮುಂದಿನ ಒಂದು ದಾಳಿಗೆ ಮಾತ್ರ. ಸ್ವಂತ ಏಟು ಬಲವಾಗಿದ್ದರೆ ಹೊಡೆಯೋದೇ ಮೇಲು.

ಇಡೀ ಗುಂಪು ಸದ್ದಿಲ್ಲದೆ ನುಸುಳಬೇಕಾದಾಗ ಹೆಲ್ಪ್ ಬಿಟ್ಟು ಗ್ರೂಪ್ ಚೆಕ್ ಬಳಸಿ. ಎಲ್ಲರೂ ಡೈಸ್ ಹಾಕಲಿ, ಕನಿಷ್ಠ ಅರ್ಧ ಜನ ಗೆದ್ದರೆ ಎಲ್ಲರೂ ಪಾರು.