ಪೆಡಲ್ ಮೆತ್ತಗಾಗುತ್ತಿದ್ದರೆ ಅದು ಗಾಳಿಯ ಕೊರತೆಯಲ್ಲ

ರೇಸ್ ಟ್ರ್ಯಾಕ್‌ಗೆ ಇಳಿದ ನಾಲ್ಕೈದು ಸುತ್ತಿನಲ್ಲೇ ನಿಮ್ಮ ಹಳೆಯ ಹೋಂಡಾ ಸಿಟಿ ವಿಟೆಕ್‌ನ ಬ್ರೇಕ್ ಪೆಡಲ್ ಮೆತ್ತಗಾಗುತ್ತದೆ, ಬಂಪರಿನಿಂದ ಡಿಸ್ಕಿಗೆ (ಚಕ್ರದ ಜೊತೆ ತಿರುಗುವ ಬ್ರೇಕ್ ತಟ್ಟೆಗೆ) ಗಾಳಿಯ ಕೊಳವೆ ಎಳೆಯಲೇ ಅಥವಾ ದೊಡ್ಡ ಡಿಸ್ಕ್ ಹಾಕಿಸಲೇ ಎಂದು ಕೇಳಿದ್ದೀರಿ. ಇದೇ ಕಾರು, ಇದೇ ಪೆಡಲ್, ಇದೇ ಎರಡು ಯೋಚನೆಗಳಲ್ಲಿ ನಾನು ಒಂದು ಇಡೀ ಬೇಸಿಗೆಯನ್ನೇ ಕಳೆದವನು.

ನಮ್ಮದು ತಾಳವಾಡಿ. ಸರ್ಕಾರದ ಕಾಗದದಲ್ಲಿ ಈರೋಡು ಜಿಲ್ಲೆ, ಮನೆಯಲ್ಲಿಯೂ ಸಂತೆಯಲ್ಲಿಯೂ ಕನ್ನಡ. ಇಲ್ಲಿಂದ ಕೊಯಮತ್ತೂರಿನ ಕಡೆಗೆ ಹೋಗಬೇಕಾದರೆ ಹಾಸನೂರು ದಾಟಿ ದಿಂಬಂ ಘಾಟಿಯ 27 ಹಿಮ್ಮುರಿ ತಿರುವುಗಳನ್ನು ಇಳಿದು ಬಣ್ಣಾರಿ ಅಮ್ಮನ ಗುಡಿಯ ಮುಂದೆ ಬಯಲು ಸೇರಬೇಕು. ಆದ್ದರಿಂದ ಬ್ರೇಕು ಕಾಯುವ ವಾಸನೆ ನಮಗೆ ಟ್ರ್ಯಾಕ್‌ನಿಂದ ಪರಿಚಯವಾದದ್ದಲ್ಲ. ನನ್ನ ಸೋದರಮಾವ ಕೋಸು, ಆಲೂಗೆಡ್ಡೆ ತುಂಬಿದ ಲಾರಿಯನ್ನು ಮೇಟುಪಾಳ್ಯದ ಮಂಡಿಗೆ ವರ್ಷಗಟ್ಟಲೆ ಇಳಿಸಿದವರು; ಎದುರಿಗೆ ಹೋಗುವ ಲಾರಿಯ ಬ್ರೇಕ್ ಲೈನಿಂಗ್ ಎಷ್ಟು ಕಾದಿದೆ ಎಂಬುದನ್ನು ಮೂಗಿನಲ್ಲೇ ಹೇಳಬಲ್ಲವರು. ಅವರನ್ನು ಆಗಲೇ ಒಂದು ಮಾತು ಕೇಳಿದ್ದರೆ ಈ ಉತ್ತರ ಬರೆಯುವ ಸಂದರ್ಭವೇ ಬರುತ್ತಿರಲಿಲ್ಲ.

ನಾನು ಓಡಿಸುತ್ತಿದ್ದುದು ಚೆಟ್ಟಿಪಾಳ್ಯಂನ ಕರಿ ಮೋಟಾರ್ ಸ್ಪೀಡ್‌ವೇಯಲ್ಲಿ. 2003ರಲ್ಲಿ ಆರಂಭವಾದ, ಸುಮಾರು 2 ಕಿಲೋಮೀಟರ್ ಉದ್ದದ ಚಿಕ್ಕ ಟ್ರ್ಯಾಕ್ ಅದು. ಉದ್ದ ಚಿಕ್ಕದಾದಷ್ಟೂ ಬ್ರೇಕಿಗೆ ಕಷ್ಟ ಹೆಚ್ಚು, ಏಕೆಂದರೆ ಒಂದು ಸಲ ಕಾದ ಡಿಸ್ಕ್ ಆರುವುದಕ್ಕೆ ಸಾಕಷ್ಟು ನೇರ ದಾರಿ ಸಿಗುವುದಿಲ್ಲ. ಲೆಕ್ಕ ಹಾಕಿ ನೋಡಿ: ಚಾಲಕನೂ ಸೇರಿ 1150 ಕಿಲೋ ತೂಗುವ ಕಾರನ್ನು 140ರ ವೇಗದಿಂದ 70ಕ್ಕೆ ಇಳಿಸಿದರೆ ಸುಮಾರು 650 ಕಿಲೋಜೂಲ್ ಶಕ್ತಿ ಶಾಖವಾಗುತ್ತದೆ. ಅದರ ಮುಕ್ಕಾಲು ಪಾಲನ್ನು ಮುಂದಿನ ಎರಡು ಡಿಸ್ಕ್‌ಗಳು ಹಂಚಿಕೊಳ್ಳುತ್ತವೆ ಎಂದರೆ, 5 ಕಿಲೋ ತೂಕದ ಒಂದೊಂದು ಬೀಡುಕಬ್ಬಿಣದ ಡಿಸ್ಕ್ ಒಂದೇ ಒತ್ತಿಗೆ ಸುಮಾರು 100 ಡಿಗ್ರಿ ಏರುತ್ತದೆ. ಮುಂದಿನ ತಿರುವು ಬರುವಷ್ಟರಲ್ಲಿ ಆ ನೂರೂ ಇಳಿಯುವುದಿಲ್ಲ.

ಈ ಲೆಕ್ಕ ಕಂಡು ಹೆದರಿ ನಾನು ಗಾಳಿಯ ಕೊಳವೆಯ ಹಿಂದೆ ಬಿದ್ದೆ. ಫಾಗ್ ಲ್ಯಾಂಪ್ ಬಿಚ್ಚಿ ಆ ತೂತಿಗೆ ಆಲಿಕೆ ಕೂರಿಸಿದೆ, ತಂತಿ ಸುತ್ತಿದ 63 ಮಿಲಿಮೀಟರ್ ಸಿಲಿಕೋನ್ ಕೊಳವೆ ಎಳೆದೆ, ಡಿಸ್ಕಿನ ಹಿಂದಿನ ತಗಡನ್ನು ಕತ್ತರಿಸಿ ಮೂತಿ ಬೆಸುಗೆ ಹಾಕಿಸಿದೆ. ಕೆಲಸ ಚೆನ್ನಾಗಿಯೇ ಆಗಿತ್ತು, ಅದರಲ್ಲಿ ಈಗಲೂ ನನಗೆ ಅನುಮಾನವಿಲ್ಲ. ಎಡವಿದ್ದು ಬೇರೆ ಕಡೆ.

ಬಾನೆಟ್ ಎತ್ತಿದಾಗ ಬ್ರೇಕ್ ಆಯಿಲ್ ಡಬ್ಬಿಯಲ್ಲಿ ಮಟ್ಟ ಸ್ವಲ್ಪ ಕೆಳಗಿತ್ತು. ಶೆಡ್ಡಿನ ಕಪಾಟಿನಲ್ಲಿ ಹಿಂದಿನ ವರ್ಷ ತೆರೆದಿಟ್ಟ, ಡಾಟ್ 4 ದರ್ಜೆಯ ಬ್ರೇಕ್ ಆಯಿಲ್ ಅರ್ಧ ಬಾಟಲಿ ಇತ್ತು. ಅದನ್ನೇ ಸುರಿದು ಗೆರೆಯವರೆಗೆ ತುಂಬಿಸಿದೆ. ಎಣ್ಣೆ ತಿಳಿಯಾಗಿ, ಹೊಂಬಣ್ಣದಲ್ಲಿ ಕಾಣುತ್ತಿತ್ತು. ಇಷ್ಟೇ ನನ್ನ ತಪ್ಪು. ಇದು ಎಷ್ಟು ಸಣ್ಣದಾಗಿ ಕಾಣುತ್ತದೆಯೋ ಅಷ್ಟೇ ದುಬಾರಿಯಾದ್ದರಿಂದ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಬ್ರೇಕ್ ಆಯಿಲ್ ಗಾಳಿಯಲ್ಲಿರುವ ತೇವವನ್ನು ಹೀರಿಕೊಳ್ಳುತ್ತದೆ. ರಬ್ಬರ್ ಹೋಸಿನ ಮೂಲಕ, ಡಬ್ಬಿಯ ಮುಚ್ಚಳದ ಸಂದಿನ ಮೂಲಕ ವರ್ಷವಿಡೀ ಅದಕ್ಕೆ ನೀರು ಸೇರುತ್ತಲೇ ಇರುತ್ತದೆ, ತೆರೆದಿಟ್ಟ ಬಾಟಲಿಗಂತೂ ಕೇಳುವುದೇ ಬೇಡ. ಹೊಸ ಡಾಟ್ 4 ಕನಿಷ್ಠ 230 ಡಿಗ್ರಿಯವರೆಗೆ ಕುದಿಯಬಾರದು ಎಂಬ ನಿಯಮವಿದೆ, ಶೇಕಡಾ 3.7ರಷ್ಟು ನೀರು ಸೇರಿದ ಮೇಲೆ ಅದೇ ನಿಯಮ ಕೇಳುವುದು 155 ಡಿಗ್ರಿಯನ್ನು ಮಾತ್ರ. ಡಾಟ್ 3ಕ್ಕೆ ಈ ಅಂಕಿಗಳು 205 ಮತ್ತು 140. ಅಂದರೆ ಹೊಸ ಡಾಟ್ 3, ಹಳೆಯ ಡಾಟ್ 4ಕ್ಕಿಂತ ಎಷ್ಟೋ ಮೇಲು. ನೀರು ಕಣ್ಣಿಗೆ ಕಾಣುವುದಿಲ್ಲವಾದ್ದರಿಂದ ಬಣ್ಣ ನೋಡಿ ಏನನ್ನೂ ಹೇಳಲಾಗದು. ಇನ್ನೂ ಮುಖ್ಯವಾದ ಮಾತೆಂದರೆ, ಡಬ್ಬಿಗೆ ಸುರಿದ ಎಣ್ಣೆ ಡಬ್ಬಿಯಲ್ಲೇ ಉಳಿಯುತ್ತದೆ. ಶಾಖ ತಾಗುವುದು ಡಿಸ್ಕಿಗೆ ಪ್ಯಾಡನ್ನು (ಉಜ್ಜುವ ತುಂಡನ್ನು) ಒತ್ತುವ ಕ್ಯಾಲಿಪರಿನೊಳಗೆ, ಪಿಸ್ಟನ್ನಿನ ಬೆನ್ನಿಗಿರುವ ಎರಡು ಚಮಚ ಎಣ್ಣೆಗೆ. ಆ ಎರಡು ಚಮಚ ನನ್ನ ಕಾರಿನಲ್ಲಿ ಮೂರು ಮಳೆಗಾಲ ಕಂಡಿತ್ತು.

ಅಂದು ಮೊದಲ ಆರು ಸುತ್ತು ಪೆಡಲ್ ಕಲ್ಲಿನಂತೆ ಗಟ್ಟಿಯಾಗಿತ್ತು; ಕೊಳವೆ ಫಲ ಕೊಟ್ಟಿತು ಎಂದು ಬೀಗಿದೆ. ಏಳನೆಯ ಸುತ್ತಿನಲ್ಲಿ ಯಾರದೋ ಕಾರು ಅಡ್ಡ ನಿಂತಿದ್ದರಿಂದ ಕೆಂಪು ಬಾವುಟ ಬಂತು, ಎಲ್ಲರೂ ಪಿಟ್ ಸಾಲಿನಲ್ಲಿ ನಿಂತೆವು. ಕಾರು ಉರುಳಬಾರದೆಂದು ನಾನು ಬ್ರೇಕ್ ಒತ್ತಿಕೊಂಡೇ ಕುಳಿತಿದ್ದೆ. ನಿಂತ ಕಾರಿಗೆ ಕೊಳವೆಯಲ್ಲಿ ಗಾಳಿ ಎಲ್ಲಿಂದ ಬರಬೇಕು? ಕೆಂಡದಂಥ ಡಿಸ್ಕಿಗೆ ಪ್ಯಾಡ್ ಅಂಟಿಕೊಂಡಿದೆ, ಪ್ಯಾಡಿನ ಬೆನ್ನಿಗೆ ಪಿಸ್ಟನ್, ಪಿಸ್ಟನ್ನಿನ ಬೆನ್ನಿಗೆ ಎಣ್ಣೆ. ಐದು ನಿಮಿಷ ಶಾಖ ಒಳಗೊಳಗೇ ಹಿಂದಕ್ಕೆ ಹರಿಯಿತು. ಪ್ಯಾಡುಗಳೂ ಅರ್ಧಕ್ಕಿಂತ ಹೆಚ್ಚು ಸವೆದಿದ್ದವು. ಪ್ಯಾಡ್ ತೆಳುವಾದಷ್ಟೂ ಶಾಖ ಬೇಗ ದಾಟುತ್ತದೆ ಎಂಬುದು ಆಗ ನನಗೆ ಹೊಳೆಯಲಿಲ್ಲ.

ಹಸಿರು ಬಾವುಟ ಬಿತ್ತು. ಹೊರಟ ಮೇಲೆ ಮೊದಲ ಸಲ ಜೋರಾಗಿ ಬ್ರೇಕ್ ಒತ್ತಿದಾಗ ಪೆಡಲ್ ಏನನ್ನೂ ತಳ್ಳದೆ ನೇರವಾಗಿ ಹೋಗಿ ಮ್ಯಾಟಿಗೆ ತಾಗಿತು. ಎಣ್ಣೆಯನ್ನು ಅದುಮಲಾಗದು, ಆವಿಯನ್ನು ಅದುಮಬಹುದು. ನನ್ನ ಕಾಲಿನ ಬಲವೆಲ್ಲ ಆ ಗುಳ್ಳೆಗಳನ್ನು ಅದುಮುವುದರಲ್ಲೇ ಮುಗಿಯಿತು. ಮೂರು ಸಲ ಪಂಪ್ ಮಾಡಿದ ಮೇಲೆ ಸ್ವಲ್ಪ ಹಿಡಿಯಿತು, ಅಷ್ಟರಲ್ಲಿ ಕಾರು ಮಣ್ಣಿಗಿಳಿದು ಟೈರುಗಳ ಗೋಡೆಗೆ ಮೂಗು ಕೊಟ್ಟಿತ್ತು. ಬಂಪರ್, ರೇಡಿಯೇಟರ್, ಒಂದು ಹೆಡ್‌ಲೈಟ್, ಕಾರನ್ನು ಲಾರಿಯ ಮೇಲೆ ಘಾಟಿ ಹತ್ತಿಸಿದ ಬಾಡಿಗೆ. ನಾನು ಅಷ್ಟು ಮುತುವರ್ಜಿಯಿಂದ ಕೂರಿಸಿದ ಆಲಿಕೆಗಳಲ್ಲಿ ಒಂದು ಮಾತ್ರ ಗೀರೂ ಬೀಳದೆ ಉಳಿದಿತ್ತು.

ಮನೆಯ ಮುಂದೆ ಕಾರು ಇಳಿಸುವಾಗ ಮಾವ ಕೊಳವೆಯನ್ನು ಬೆರಳಲ್ಲಿ ತಟ್ಟಿ ನೋಡಿ ಕೇಳಿದ್ದು ಒಂದೇ ಪ್ರಶ್ನೆ: "ಆಯಿಲ್ ಯಾವತ್ತು ಬದ್ಲಾಯ್ಸಿದ್ದೆ ಲಾ?"

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ, ಆದರೆ ನೀವು ಕೇಳಿದ ಎರಡರಲ್ಲಿ ಒಂದನ್ನು ಆರಿಸಿ ಕೊಡುವುದಿಲ್ಲ. ಪೆಡಲ್ ಮೆತ್ತಗಾಗುತ್ತದೆ ಎಂದು ನೀವೇ ಬರೆದಿದ್ದೀರಿ. ಪೆಡಲ್ ಗಟ್ಟಿಯಾಗಿಯೇ ಇದ್ದು ಕಾರು ನಿಲ್ಲದಿದ್ದರೆ ಅದು ಪ್ಯಾಡಿನ ಸೋಲು. ಪೆಡಲ್ ಮೆತ್ತಗಾಗಿ ಕೆಳಕ್ಕೆ ಹೋಗುತ್ತಿದ್ದರೆ ಮೊದಲ ಅನುಮಾನ ಎಣ್ಣೆಯ ಮೇಲೆ. ನಿಮ್ಮದು ಎರಡನೆಯದು, ಅದಕ್ಕೆ ಡಿಸ್ಕ್ ದೊಡ್ಡದು ಮಾಡುವುದು ಔಷಧವಲ್ಲ. ಸೀಲ್ ಒಡೆಯದ ಬಾಟಲಿಗಳನ್ನು ತಂದು, ನಾಲ್ಕೂ ಚಕ್ರದಲ್ಲಿ ಹಳೆಯ ಎಣ್ಣೆ ಪೂರ್ತಿ ಹೊರಬರುವವರೆಗೆ ಬ್ಲೀಡ್ ಮಾಡಿಸಿ. ಒಂದು ಲೀಟರ್ ಇಟ್ಟುಕೊಂಡರೆ ಸಾಕು. ಟ್ರ್ಯಾಕ್‌ಗೆಂದೇ ಬರುವ, 300 ಡಿಗ್ರಿ ದಾಟುವ ಎಣ್ಣೆ ಸಿಕ್ಕರೆ ಇನ್ನೂ ಒಳ್ಳೆಯದು, ಆದರೆ ಅದನ್ನು ಹೆಚ್ಚು ಸಲ ಬದಲಾಯಿಸಬೇಕು. ಡಾಟ್ 5 ಎಂಬುದು ಸಿಲಿಕೋನ್, ಡಾಟ್ 5.1 ಬೇರೆ, ಅಂಗಡಿಯವನು ಎರಡೂ ಒಂದೇ ಎಂದರೆ ನಂಬಬೇಡಿ. ಅರ್ಧ ಸವೆದ ಪ್ಯಾಡನ್ನು ಟ್ರ್ಯಾಕ್‌ಗೆ ಒಯ್ಯಬೇಡಿ. ಕೊನೆಯ ಸುತ್ತನ್ನು ಬ್ರೇಕ್ ಮುಟ್ಟದಂತೆ ನಿಧಾನವಾಗಿ ಮುಗಿಸಿ, ನಿಂತ ಮೇಲೆ ಕಾಲನ್ನು ಪೆಡಲಿನಿಂದ ತೆಗೆದು ಗೇರಿನಲ್ಲಿ ನಿಲ್ಲಿಸಿ.

ಇಷ್ಟಾದ ಮೇಲೂ ಕೊಳವೆ ಬೇಕೆನಿಸಿದರೆ, ಮೊದಲು ಡಿಸ್ಕಿನ ಅಂಚಿಗೆ ಶಾಖ ತೋರಿಸುವ ಬಣ್ಣ ಹಚ್ಚಿ. ಹಸಿರು 430 ಡಿಗ್ರಿಗೆ, ಕಿತ್ತಳೆ 560ಕ್ಕೆ, ಕೆಂಪು 610ಕ್ಕೆ ಬಣ್ಣ ಬಿಡುತ್ತದೆ. ಪಿಟ್‌ಗೆ ಬಂದು ಶಾಖ ಅಳೆಯುವ ಗನ್ ಹಿಡಿದು ನೋಡಿದರೆ ಆರಿದ ಡಿಸ್ಕಿನ ಅಂಕಿ ಸಿಗುತ್ತದೆಯೇ ಹೊರತು ತಿರುವಿನದಲ್ಲ. ಹಸಿರೊಂದೇ ಬಿಳಿಚಿಕೊಂಡಿದ್ದರೆ ನಾನಾದರೆ ಕೊಳವೆಗೆ ಕೈಹಾಕುವುದಿಲ್ಲ. ಹಾಕಲೇಬೇಕಾದರೆ ಗಾಳಿಯನ್ನು ಡಿಸ್ಕಿನ ಮುಖಕ್ಕೆ ಬಡಿಸಬೇಡಿ, ನಡುವಿನ ಕಣ್ಣಿಗೆ ಕೊಡಿ. ಎರಡು ತಟ್ಟೆಗಳ ನಡುವೆ ಗಂಡಿಯಿರುವ ಡಿಸ್ಕ್ ತಿರುಗುವಾಗ ಒಳಗಿನಿಂದ ಗಾಳಿ ಹೀರಿ ಅಂಚಿನಿಂದ ಹೊರಕ್ಕೆ ಎಸೆಯುತ್ತದೆ. ಒಂದೇ ಮುಖ ತಣ್ಣಗಾದರೆ ಡಿಸ್ಕ್ ಬಾಗಿ ಬಿರುಕು ಬಿಡುತ್ತದೆ. ಪೋರ್ಷೆ 911 ಜಿಟಿ3ಯಲ್ಲಿ ಸಸ್ಪೆನ್ಷನ್ ತೋಳಿಗೆ ಕಟ್ಟಿದ ಪ್ಲಾಸ್ಟಿಕ್ ಚಮಚದಂಥ ತುಂಡು ಕಾರಿನ ಕೆಳಗಿನ ಗಾಳಿಯನ್ನು ಬ್ರೇಕಿನ ಕಡೆಗೆ ತಿರುಗಿಸುತ್ತದೆ. ಕೊಳವೆಯ ರಗಳೆಗಿಂತ ಅಂಥದೊಂದು ತುಂಡು ನಮ್ಮ ಕಾರುಗಳಿಗೂ ವಾಸಿ ಎಂಬುದು ನನ್ನ ಅಭಿಪ್ರಾಯ.

ಕೊಳವೆ ಟೈರಿಗೆ ತಾಗುತ್ತದೆಯೇ ಎಂಬುದನ್ನು ಮಾತ್ರ ಸ್ಟಿಯರಿಂಗ್ ಎರಡೂ ಕಡೆ ಪೂರ್ತಿ ತಿರುಗಿಸಿಯೇ ನೋಡಿ, ಏಕೆಂದರೆ ಟ್ರ್ಯಾಕ್‌ನಲ್ಲಿ ಸ್ಟಿಯರಿಂಗ್ ಅಷ್ಟು ತಿರುಗುವುದೇ ಇಲ್ಲ, ತಾಗುವುದು ಅಲ್ಲಿ ಗೊತ್ತಾಗದು. ರಿಪೇರಿಯಾದ ಮೇಲೆ ಹಾಕಿದ ನನ್ನ ಎಡಗಡೆಯ ಹೊಸ ಕೊಳವೆ ದಿಂಬಂನ ತಿರುವುಗಳಲ್ಲೇ ಉಜ್ಜಿ, ಬಣ್ಣಾರಿ ತಲುಪುವಷ್ಟರಲ್ಲಿ ತೂತಾಗಿತ್ತು. ಈಗ ಎರಡನ್ನೂ ಡಿಕ್ಕಿಯಲ್ಲಿ ಹಾಕಿಕೊಂಡು ಘಾಟಿ ಇಳಿದು, ಚೆಟ್ಟಿಪಾಳ್ಯಂ ಗೇಟಿನ ಒಳಗೆ ಹೋದ ಮೇಲೆ ಕಟ್ಟುತ್ತೇನೆ.