ಮಾನಸಿಕ ಕಾಯಿಲೆಯ ಮಾತ್ರೆ ಕೆಲಸ ಮಾಡೋದು ನಿಂತರೆ ಹೇಗೆ ತಡೆದುಕೊಳ್ಳೋದು?

ವರ್ಷಗಟ್ಟಲೆ ನುಂಗಿದ ಮಾತ್ರೆ ದೇಹಕ್ಕೆ ಒಗ್ಗಿಹೋಗಿದೆ, ಅದನ್ನು ಬಿಟ್ಟು ನಾಟಿ ಔಷಧಿ ನೋಡಲಾ, ಇಲ್ಲ ಮನಸ್ಸು ಗಟ್ಟಿ ಮಾಡಿಕೊಂಡು ತಡೆದುಕೊಳ್ಳಲಾ ಅಂತ ಕೇಳಿದ್ದೀರಿ. ಎರಡೂ ಬೇಡ. ಮಾತ್ರೆ ನಿಜವಾಗಿ ಸೋತಿದೆಯಾ ಅನ್ನೋದು ಮೊದಲು ಗೊತ್ತಾಗಬೇಕು. ನಾನು ಸುಮ್ನೆ ತಡೆದುಕೊಂಡು ಒಂದು ವರ್ಷ ಹಾಳುಮಾಡಿಕೊಂಡವನು.

ನನಗೆ ಸ್ಕಿಜೋಫ್ರೇನಿಯಾ. ತೀರ್ಥಹಳ್ಳಿ ಕಡೆ ಊರು, ಅಡಿಕೆ ತೋಟದ ಮನೆ. ಶಿವಮೊಗ್ಗದಲ್ಲಿ ಅಡ್ಮಿಟ್ ಮಾಡಿದಾಗ ಒಲಾಂಜಪಿನ್ 10 ಮಿಲಿಗ್ರಾಂ ಶುರುಮಾಡಿದರು. ಕೆಲವು ವಾರಗಳಲ್ಲಿ ಕಿವಿಯಲ್ಲಿ ಕೇಳುತ್ತಿದ್ದ ಮಾತುಗಳು ದೂರ ಸರಿದವು. ನಿದ್ದೆ ಬಂತು, ಅನ್ನ ರುಚಿಸಿತು. ಮನೆಗೆ ಬಂದಾಗ ಅಡಿಕೆ ಕೊಯ್ಲು ಶುರುವಾಗಿತ್ತು.

ಕೊಯ್ಲಿನ ಕಾಲದ ರಾತ್ರಿಗಳು ನಮ್ಮ ಕಡೆಯವರಿಗೆಲ್ಲ ಗೊತ್ತು. ಅಂಗಳದ ಬಲ್ಬಿನ ಕೆಳಗೆ ಮೆಟ್ಟುಗತ್ತಿ ಇಟ್ಟುಕೊಂಡು ಸಾಲಾಗಿ ಕೂತು ಅಡಿಕೆ ಸುಲಿಯುತ್ತಾರೆ. ಆಚೆ ಒಲೆಯ ಮೇಲೆ ಹಂಡೆಯಲ್ಲಿ ಅಡಿಕೆ ಬೇಯುತ್ತಿರುತ್ತದೆ. ಸೌದೆ ಒಟ್ಟುವ ಕೆಲಸ ನನ್ನದು. ಒಲೆ ಮುಂದೆ ಕೂತವನಿಗೆ ಬೀಡಿ ಹಚ್ಚೋಕೆ ಬೆಂಕಿಪೆಟ್ಟಿಗೆಯೂ ಬೇಡ. ವಾರ್ಡಿನಲ್ಲಿದ್ದಾಗ ಒಂದೂ ಸೇದಿರಲಿಲ್ಲ. ಮನೆಗೆ ಬಂದಮೇಲೆ ದಿನಕ್ಕೊಂದು ಕಟ್ಟು.

ಸಂಕ್ರಾಂತಿ ಹೊತ್ತಿಗೆ ಮಾತು ವಾಪಸ್ ಬಂತು. ಮೊದಲು ಸುಲಿಯುವವರ ಹರಟೆಯ ನಡುವೆ ನನ್ನ ಹೆಸರು ಕೇಳಿಸಿತು. ಆಮೇಲೆ ಯಾರೂ ಇಲ್ಲದ ತೋಟದಲ್ಲೂ ಕೇಳಿಸತೊಡಗಿತು. ಡೋಸ್ 15ಕ್ಕೆ ಹೋಯಿತು, ನಂತರ 20ಕ್ಕೆ. ಅದಕ್ಕಿಂತ ಮೇಲೆ ಸಾಮಾನ್ಯವಾಗಿ ಕೊಡೋದಿಲ್ಲ. ಮನೆಯವರಿಗೆ ನಾನು ಮಾತ್ರೆ ಉಗಿಯುತ್ತಿದ್ದೇನೆ ಅನ್ನೋ ಅನುಮಾನ. ಅಮ್ಮ ಪಕ್ಕದಲ್ಲೇ ನಿಂತು ನೀರು ಕುಡಿಸಿ, ನಾಲಿಗೆ ಎತ್ತಿಸಿ ನೋಡುತ್ತಿದ್ದರು. ಒಂದು ದಿನವೂ ತಪ್ಪಿಸದೆ ನುಂಗಿದವನಿಗೆ ಅದು ಕಾಯಿಲೆಗಿಂತ ಜಾಸ್ತಿ ನೋವು ಕೊಟ್ಟಿತು. ದೊಡ್ಡಪ್ಪ "ಈ ಮಾತ್ರೆ ಇಷ್ಟೇ ಕಣೋ, ಇನ್ನು ದೇವರೇ ಗತಿ" ಅಂದು ಸಿಗಂದೂರಿಗೆ ಹರಕೆ ಹೊತ್ತರು.

ಎಡವಿದ್ದು ಒಂದೇ ಕಡೆ. ಬೀಡಿ ವಿಷಯ ಡಾಕ್ಟರ ಕಿವಿಗೆ ಬೀಳಲೇ ಇಲ್ಲ. ಕುಡೀತೀರಾ ಅಂತ ಕೇಳಿದ್ದರು, ಇಲ್ಲ ಅಂದಿದ್ದೆ, ಅದು ನಿಜ. ಸೇದ್ತೀರಾ ಅಂತ ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ. ಬೀಡಿಯಿಂದ ಕೆಮ್ಮು ಬರುತ್ತೆ, ಎದೆ ಹಾಳಾಗುತ್ತೆ ಅನ್ನೋದು ಗೊತ್ತಿತ್ತು. ತಲೆಯ ಮಾತ್ರೆಗೂ ಅದಕ್ಕೂ ಏನು ಸಂಬಂಧ ಅಂತ ಯಾರಿಗೆ ಹೊಳೆಯಬೇಕು?

ಸಂಬಂಧ ಇದೆ. ಒಲಾಂಜಪಿನ್ ಅನ್ನು ಒಡೆದು ಹೊರಹಾಕೋದು ಲಿವರ್. ಆ ಕೆಲಸಕ್ಕೆ ಅಲ್ಲಿ ಸಿವೈಪಿ1ಎ2 ಅನ್ನೋ ಒಂದು ಕಿಣ್ವ ಇದೆ. ಹೊಗೆಯಲ್ಲಿರುವ ಟಾರು ಆ ಕಿಣ್ವವನ್ನು ಜಾಸ್ತಿ ಮಾಡುತ್ತದೆ. ಆಗ ಅದೇ ಮಾತ್ರೆ ನುಂಗಿದರೂ ರಕ್ತದಲ್ಲಿ ಉಳಿಯೋದು ಕಡಿಮೆ. ಇದೇ ಕಾಯಿಲೆಗೆ ಕೊಡುವ ಇನ್ನೊಂದು ಮಾತ್ರೆ ಕ್ಲೋಜಪಿನ್ ತಗೊಳ್ಳುವವರಿಗೆ ಇದರ ಹೊಡೆತ ಇನ್ನೂ ಜೋರು. ನೆನಪಿಡಿ, ಇದನ್ನು ಮಾಡೋದು ನಿಕೋಟಿನ್ ಅಲ್ಲ, ಹೊಗೆ. ಎಲೆಅಡಿಕೆ ಜೊತೆ ಹೊಗೆಸೊಪ್ಪು ಹಾಕುವವರ ಲಿವರಿನಲ್ಲಿ ಹೀಗಾಗೋದಿಲ್ಲ. ಬಾಯಿಗೆ ಬರೋ ಕ್ಯಾನ್ಸರ್ ಬೇರೆ ಮಾತು. ವಾರ್ಡಿನಲ್ಲಿ 10 ಮಿಲಿಗ್ರಾಂ ಸಾಕಾಗಿದ್ದು, ಮನೆಯಲ್ಲಿ 20 ಸಾಲದೇ ಹೋಗಿದ್ದು ಇದಕ್ಕೇ. ನಾನು ಮಾತ್ರೆ ತಪ್ಪಿಸಿರಲಿಲ್ಲ, ಮಾತ್ರೆಯೂ ನನ್ನ ಕೈಬಿಟ್ಟಿರಲಿಲ್ಲ.

ಇದನ್ನು ಹಿಡಿದವರು ಒಬ್ಬ ಸಿಸ್ಟರ್. ಶುಗರ್ ಟೆಸ್ಟಿಗೆ ರಕ್ತ ತೆಗೆಯುವಾಗ ನನ್ನ ಬೆರಳ ತುದಿಯ ಹಳದಿ ಕಲೆ ನೋಡಿ, "ಏನಣ್ಣ, ಬೀಡಿ ಜಾಸ್ತಿನಾ?" ಅಂದರು. ಅವರೇ ಒಳಗೆ ಹೋಗಿ ಡಾಕ್ಟರಿಗೆ ಹೇಳಿದರು. ಡಾಕ್ಟರ್ ಫೈಲ್ ತಿರುವಿ, "ವಾರ್ಡಲ್ಲಿ ಇದ್ದಾಗ ಸೇದ್ತಾ ಇದ್ರಾ?" ಅಂತ ಕೇಳಿದರು. ಅಷ್ಟೇ.

ಆದರೆ "ಇವತ್ತೇ ಬಿಟ್ಟುಬಿಡಿ" ಅಂತ ಅವರು ಹೇಳಲಿಲ್ಲ. ಹೊಗೆ ನಿಂತರೆ ಒಂದು ವಾರದೊಳಗೆ ಆ ಕಿಣ್ವ ಇಳಿಯುತ್ತದೆ, ರಕ್ತದಲ್ಲಿ ಔಷಧಿ ಏರುತ್ತದೆ. 20 ತಗೊಳ್ಳುತ್ತಿದ್ದವನು ಎದ್ದು ನಿಲ್ಲಲಾರದಷ್ಟು ಮಂಕಾಗಬಹುದು. ಕ್ಲೋಜಪಿನ್ ಆದರೆ ಫಿಟ್ಸ್ ಬರುವ ಅಪಾಯವೂ ಇದೆ. ಅದಕ್ಕೆ ಬೀಡಿ ಬಿಡೋದೂ ಡೋಸ್ ಇಳಿಸೋದೂ ಜೊತೆಜೊತೆಗೆ, ಅವರ ಕಣ್ಣೆದುರೇ ಆಯಿತು. ಈಗ ಮತ್ತೆ 10ರಲ್ಲಿದ್ದೇನೆ. ಮಾತುಗಳು ಪೂರ್ತಿ ಹೋಗಿಲ್ಲ. ಆಷಾಢದಲ್ಲಿ ಹೆಂಚಿನ ಮೇಲೆ ಮಳೆ ಬಿಡದೆ ಹೊಡೆಯುವಾಗ ಹಿಂದೆ ಯಾರೋ ಗೊಣಗಿದಂತಾಗುತ್ತದೆ. ಭದ್ರಾವತಿ ಆಕಾಶವಾಣಿ ಹಾಕಿಕೊಂಡು ಹಾಡಿನ ಜೊತೆ ನಾನೂ ಗುನುಗುತ್ತೇನೆ. ಬಾಯಿ ಆಡುತ್ತಿದ್ದರೆ ಆ ಗೊಣಗು ಸಣ್ಣದಾಗುತ್ತದೆ. ತಡೆದುಕೊಳ್ಳೋ ಉಪಾಯ ಅಂತ ನನ್ನ ಹತ್ತಿರ ಇರೋದು ಇದೊಂದೇ.

ನಿಮ್ಮದು ಯಾವ ಮಾತ್ರೆ ಅಂತ ಬರೆದಿಲ್ಲ. ಬೀಡಿ ಎಲ್ಲ ಮಾತ್ರೆಯನ್ನೂ ಕೆಡಿಸೋದಿಲ್ಲ. ಆದರೆ ಮಾತ್ರೆ ಶುರುಮಾಡಿದ ಮೇಲೆ ನಿಮ್ಮ ಬದುಕಿನಲ್ಲಿ ಏನೇನು ಬದಲಾಗಿದೆ ಅಂತ ಒಂದು ಹಾಳೆಯಲ್ಲಿ ಬರೆದುಕೊಂಡು ಹೋಗಿ. ಟಿಬಿಗೆ ಕೊಡುವ ರಿಫಾಂಪಿಸಿನ್, ಫಿಟ್ಸಿಗೆ ಕೊಡುವ ಕಾರ್ಬಮಜೆಪಿನ್ ಕೂಡ ಹಲವು ಮಾನಸಿಕ ಔಷಧಿಗಳನ್ನು ರಕ್ತದಲ್ಲಿ ಇಳಿಸುತ್ತವೆ. ಥೈರಾಯ್ಡ್ ಕಡಿಮೆಯಾದರೆ, ಬಿ12 ಕಡಿಮೆಯಾದರೆ ಖಿನ್ನತೆ ಮರಳಿದ ಹಾಗೇ ಕಾಣುತ್ತದೆ. ಮನಸ್ಸಿನ ಏರಿಳಿತದ ಕಾಯಿಲೆಗೆ ಕೊಡುವ ಲಿಥಿಯಂ ತಗೊಳ್ಳುವವರಲ್ಲಿ ಥೈರಾಯ್ಡ್ ಇಳಿಯೋದು ಮಾಮೂಲು. ಲಿಥಿಯಂ ಮಟ್ಟ ನೋಡಲು ಕೊನೆಯ ಡೋಸ್ ಆಗಿ 12 ಗಂಟೆಗೆ ರಕ್ತ ಕೊಡಬೇಕು. ಇಷ್ಟನ್ನೂ ನೋಡದೆ "ಒಗ್ಗಿಹೋಗಿದೆ" ಅನ್ನುವವರ ಮಾತು ಕೇಳಬೇಡಿ.

ನೋಡಿದ ಮೇಲೂ ಮಾತ್ರೆ ಸೋತಿದೆ ಅಂತಾದರೆ ದಾರಿ ಮುಚ್ಚಿತು ಅಂತಲ್ಲ. ಸ್ಕಿಜೋಫ್ರೇನಿಯಾದಲ್ಲಿ ಎರಡು ಔಷಧಿ ಸರಿಯಾದ ಡೋಸಿನಲ್ಲಿ ಸಾಕಷ್ಟು ದಿನ ಕೊಟ್ಟೂ ಗುಣ ಕಾಣದಿದ್ದರೆ ಕ್ಲೋಜಪಿನ್ ಇದೆ. ಮೊದಲ 18 ವಾರ ಪ್ರತಿ ವಾರ ರಕ್ತಪರೀಕ್ಷೆ ಇರುತ್ತದೆ, ಅದಕ್ಕೆ ಹೆದರಿ ಬೇಡ ಅನ್ನಬೇಡಿ. ತೀವ್ರ ಖಿನ್ನತೆಗೆ ಇಸಿಟಿ ಇದೆ. ನಮ್ಮ ಕಡೆ ಕರೆಂಟ್ ಕೊಡೋದು ಅಂತ ಹೆದರಿಸುತ್ತಾರಲ್ಲ, ಅದೇ. ಅರಿವಳಿಕೆ ಕೊಡದೆ ಅದನ್ನು ಮಾಡುವಂತಿಲ್ಲ ಅಂತ 2017ರ ಮಾನಸಿಕ ಆರೋಗ್ಯ ಕಾಯ್ದೆಯಲ್ಲೇ ಇದೆ. ನಾಟಿ ಔಷಧಿಗೋಸ್ಕರ ಮಾತ್ರೆ ಬಿಡೋದು ಮಾತ್ರ ನನ್ನ ಪ್ರಕಾರ ಸಾಫ್ ತಪ್ಪು. ಹಾಗೆ ಏಕಾಏಕಿ ಬಿಟ್ಟವರು ಮತ್ತೆ ವಾರ್ಡು ಸೇರಿದ್ದನ್ನು ಕಂಡಿದ್ದೇನೆ.

ಶಿವಮೊಗ್ಗಕ್ಕೆ ಓಡಾಡೋದು ಕಷ್ಟವಾದರೆ ನಿಮ್ಮ ತಾಲೂಕು ಆಸ್ಪತ್ರೆಯಲ್ಲಿ ಮಾನಸಿಕ ಕಾಯಿಲೆ ನೋಡುವ ಮನೋಚೈತನ್ಯ ಕ್ಲಿನಿಕ್ ಯಾವ ಮಂಗಳವಾರ ಅಂತ ವಿಚಾರಿಸಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಫೋನ್ ಮಾಡಬಹುದು, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ಸಾಯಬೇಕು ಅನ್ನೋ ಯೋಚನೆ ಬರುತ್ತಿದ್ದರೆ ಬೆಳಗಾಗಲಿ ಅಂತ ಕಾಯಬೇಡಿ. ಮನೆಯಲ್ಲಿ ಒಬ್ಬರನ್ನು ಎಬ್ಬಿಸಿ, ಆಗಲೇ ಆಸ್ಪತ್ರೆಗೆ ಹೊರಡಿ. ಮಾತ್ರೆಯ ಹೆಸರು, ಡೋಸ್, ಸೇದ್ತೀರೋ ಇಲ್ಲವೋ ಇಲ್ಲಿ ಬರೆದರೆ ಡಾಕ್ಟರ ಹತ್ತಿರ ಏನು ಕೇಳಬೇಕು ಅಂತ ನನಗೆ ತಿಳಿದಷ್ಟು ಹೇಳ್ತೀನಿ.