ನಾಲ್ಕು ವಾರದ ಟೀಚರ್

ಪ್ರಶ್ನೆ: ನನಗೆ 28 ವರ್ಷ. ಐದು ವರ್ಷದಿಂದ ಒಂದು ಕಂಪನಿಯ ಅಕೌಂಟ್ಸ್ ವಿಭಾಗದಲ್ಲಿದ್ದೇನೆ. ದಿನವಿಡೀ ಲೆಕ್ಕ ಹೊಂದಿಸಿ ಹೊಂದಿಸಿ ಸಾಕಾಗಿದೆ. ನನ್ನಿಂದ ಯಾರಿಗೂ ಏನೂ ಉಪಯೋಗ ಆಗುತ್ತಿಲ್ಲ ಅನ್ನಿಸುತ್ತದೆ. ಕಾಂಬೋಡಿಯಾದ ಸಿಯೆಮ್ ರೀಪ್‌ನ ಒಂದು ಅನಾಥಾಶ್ರಮದಲ್ಲಿ ನಾಲ್ಕು ವಾರ ಮಕ್ಕಳಿಗೆ ಇಂಗ್ಲಿಷ್ ಕಲಿಸುವ ಅವಕಾಶವನ್ನು ಒಂದು ಏಜೆನ್ಸಿ ಕೊಡುತ್ತಿದೆ. ಅನುಭವ ಬೇಕಿಲ್ಲವಂತೆ. ಮುಂಗಡ ಕಟ್ಟಿದ್ದೇನೆ, ಉಳಿದದ್ದನ್ನು ತಿಂಗಳ ಕೊನೆಗೆ ಕಟ್ಟಬೇಕು. ಅಪ್ಪ 'ಮನೆಗೆ ಮಾರಿ, ಪರರಿಗೆ ಉಪಕಾರಿ' ಅಂತ ಗೊಣಗುತ್ತಿದ್ದಾರೆ. ಗೆಳತಿಯೊಬ್ಬಳು 'ಅದು ಸೇವೆ ಅಲ್ಲ, ಟೂರು' ಅಂದುಬಿಟ್ಟಳು. ಎರಡು ದಿನ ಅತ್ತಿದ್ದೇನೆ. ಒಳ್ಳೆಯದು ಮಾಡಲು ಹೊರಟರೂ ತಪ್ಪಾ? ಹೋಗಲೋ, ಬೇಡವೋ?

ಉತ್ತರ: ಬೇಡ. ಈ ಆಶ್ರಮಕ್ಕೆ, ಈ ಏಜೆನ್ಸಿಯ ಮೂಲಕ ಬೇಡ. ತಿಂಗಳ ಕೊನೆಗೆ ಹಣ ಕಟ್ಟಬೇಕು ಅಂದಿರಲ್ಲ, ಅದಕ್ಕೇ ಮೊದಲೇ ಹೇಳಿಬಿಟ್ಟೆ.

ಆದರೆ ನಿಮ್ಮಪ್ಪ ಹೇಳಿದ ಕಾರಣಕ್ಕಲ್ಲ. ಆ ಗಾದೆ ಇರುವುದು ಮನೆಯವರನ್ನು ಉಪವಾಸ ಕೆಡವಿ ಊರಿಗೆಲ್ಲ ಊಟ ಹಾಕುವವರಿಗೆ. ಸ್ವಂತ ದುಡಿಮೆಯಲ್ಲಿ ಹಣ ಕೂಡಿಟ್ಟು, ರಜೆ ಕೇಳಿಕೊಂಡು ಹೊರಟ ಮಗಳಿಗೆ ಅದು ಒಪ್ಪುವುದಿಲ್ಲ. ನಿಮ್ಮ ಗೆಳತಿ ಹೇಳಿದ್ದು ಒರಟು. ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ನಿಜ ಇದೆ.

ಸಿಯೆಮ್ ರೀಪ್ ಅಂದರೆ ಅಂಕೋರ್ ವಾಟ್ ನೋಡಲು ಪ್ರವಾಸಿಗರು ಬಂದಿಳಿಯುವ ಊರು. 2005ರಿಂದ 2010ರ ನಡುವೆ ಕಾಂಬೋಡಿಯಾದಲ್ಲಿ ಅನಾಥಾಶ್ರಮಗಳ ಸಂಖ್ಯೆ ಶೇ 75ರಷ್ಟು ಏರಿತು. ಅಷ್ಟು ಹೊತ್ತಿಗೆ ಅಲ್ಲಿ ಯುದ್ಧ ನಿಂತು ವರ್ಷಗಳೇ ಆಗಿದ್ದವು. ಏರಿದ್ದು ಅನಾಥರ ಸಂಖ್ಯೆ ಅಲ್ಲ, ಪ್ರವಾಸಿಗರ ಸಂಖ್ಯೆ. ಅಲ್ಲಿನ ಸರ್ಕಾರ ಮತ್ತು ಯುನಿಸೆಫ್ ಸೇರಿ ಮಾಡಿದ ಅಧ್ಯಯನವೊಂದು 2011ರಲ್ಲಿ ಹೊರಬಂತು. ಆಶ್ರಮಗಳಲ್ಲಿದ್ದ ಪ್ರತಿ ನಾಲ್ವರು ಮಕ್ಕಳಲ್ಲಿ ಸುಮಾರು ಮೂವರಿಗೆ ಅಪ್ಪನೋ ಅಮ್ಮನೋ ಬದುಕಿದ್ದರು! ಮತ್ತೆ ಮಕ್ಕಳು ಅಲ್ಲಿಗೆ ಬಂದದ್ದು ಹೇಗೆ? ಬಡ ತಾಯಿಯ ಹತ್ತಿರ ಯಾರೋ ಹೋಗಿ 'ಓದಿಸುತ್ತೇವೆ, ಊಟ ಕೊಡುತ್ತೇವೆ, ಇಂಗ್ಲಿಷ್ ಕಲಿಸುತ್ತೇವೆ' ಅನ್ನುತ್ತಾರೆ. ಅವಳು ಕಳಿಸುತ್ತಾಳೆ. ಆ ಇಂಗ್ಲಿಷ್ ಕಲಿಸಲು ಬರುವವರು ನೀವು. ನಿಮ್ಮ ಹಣ ಬರುತ್ತಿರುವವರೆಗೂ ಆ ಹಾಸಿಗೆ ಖಾಲಿ ಇರಬಾರದು. ಆಶ್ರಮದ ಮಕ್ಕಳು ಮನೆಗೆ ವಾಪಸಾದರೆ ಮುಂದಿನ ತಿಂಗಳು ಬರುವ ಸ್ವಯಂಸೇವಕರಿಗೆ ಏನು ತೋರಿಸುವುದು?

ನೀವು ಆರಿಸಿದ ಆಶ್ರಮ ಅಂಥದ್ದೇ ಅಂತ ನಾನು ಹೇಳುತ್ತಿಲ್ಲ. ಅಂಥದ್ದಲ್ಲ ಅಂತ ತಿಳಿಯುವ ದಾರಿ ನಿಮಗೂ ಇಲ್ಲ, ನನಗೂ ಇಲ್ಲ. ಆಸ್ಟ್ರೇಲಿಯಾ 2018ರಲ್ಲಿ ಆಧುನಿಕ ಗುಲಾಮಗಿರಿಯ ವಿರುದ್ಧ ಕಾಯ್ದೆ ತಂದಾಗ, ಮಕ್ಕಳನ್ನು ಹೀಗೆ ಆಶ್ರಮಗಳಿಗೆ ಸಾಗಿಸುವುದೂ ಗುಲಾಮಗಿರಿಯ ಒಂದು ರೂಪವೇ ಅಂತ ಗುರುತಿಸಿತು. ವಿಷಯ ಅಷ್ಟು ದೊಡ್ಡದು.

ಏಜೆನ್ಸಿಯ ಜಾಹೀರಾತನ್ನೂ ಕಳಿಸಿದ್ದೀರಿ. ಮಕ್ಕಳು ಓಡಿ ಬಂದು ಒಬ್ಬ ಹೊಸಬಳ ಕೊರಳಿಗೆ ಜೋತು ಬಿದ್ದಿರುವ ಫೋಟೋ. ನಿಮ್ಮ ಮನಸ್ಸು ಕರಗಿದ್ದು ಅಲ್ಲೇ, ಅಲ್ವಾ? ಆ ಫೋಟೋ ನೋಡಿ ನನಗೆ ಭಯ ಆಯಿತು. ಮನೆಯಲ್ಲಿ ಬೆಳೆದ ಐದು ವರ್ಷದ ಮಗು ಅಪರಿಚಿತರನ್ನು ಕಂಡರೆ ಮೊದಲು ಅಮ್ಮನ ಹಿಂದೆ ಅಡಗುತ್ತದೆ, ಮೆಲ್ಲಗೆ ಇಣುಕುತ್ತದೆ. ಆಮೇಲೆ ಬರುತ್ತದೆ. ಯಾರು ಬಂದರೂ ಓಡಿ ತಬ್ಬಿಕೊಳ್ಳುವುದು ಆಶ್ರಮಗಳಲ್ಲಿ ಬೆಳೆದ ಮಕ್ಕಳಲ್ಲಿ ಜಾಸ್ತಿ. 1989ರಲ್ಲಿ ರೊಮೇನಿಯಾದಲ್ಲಿ ಸರ್ವಾಧಿಕಾರ ಬಿದ್ದ ಮೇಲೆ ಅಲ್ಲಿನ ಸರ್ಕಾರಿ ಆಶ್ರಮಗಳ ಮಕ್ಕಳನ್ನು ವರ್ಷಗಟ್ಟಲೆ ಗಮನಿಸಿದ ತಜ್ಞರು ಇದನ್ನೇ ಕಂಡರು. 'ಇವರು ನನ್ನವರು' ಅನ್ನುವಂಥ ಒಬ್ಬರೂ ಕಾಯಂ ಆಗಿ ಸಿಗದ ಮಗುವಿಗೆ ಎಲ್ಲರೂ ಒಂದೇ. ನೀವು ನಾಲ್ಕು ವಾರ ಪ್ರೀತಿ ಕೊಟ್ಟು ವಿಮಾನ ಹತ್ತುತ್ತೀರಿ. ನಿಮಗೆ ಅದು ಒಂದು ವಿದಾಯ. ಆ ಮಗುವಿಗೆ ಅದು ಎಷ್ಟನೆಯದೋ.

ನನ್ನದೂ ಒಂದು ಕಥೆ ಇದೆ, ಹೇಳಲು ಸ್ವಲ್ಪ ನಾಚಿಕೆ. ಇಪ್ಪತ್ಮೂರರ ವಯಸ್ಸಿನಲ್ಲಿ ನಾನೂ ಹೀಗೇ ಹೊರದೇಶದ ಒಂದು ಬಡ ಶಾಲೆಗೆ ಮೂರು ವಾರಕ್ಕೆ ಹೋಗಿದ್ದೆ. ಮೊದಲ ದಿನ ಬಣ್ಣಗಳ ಹೆಸರು ಹೇಳಿಕೊಟ್ಟೆ. ಮಕ್ಕಳು ಪಟಪಟ ಒಪ್ಪಿಸಿದರು. ಎಷ್ಟು ಬೇಗ ಕಲಿತರು ಅಂತ ಬೀಗಿದೆ. ಮೂರನೇ ದಿನ ಗೊತ್ತಾಯಿತು, ನನಗಿಂತ ಮುಂಚೆ ಬಂದವರೂ ಅದನ್ನೇ ಕಲಿಸಿದ್ದರು. ಅವರಿಗಿಂತ ಮುಂಚಿನವರೂ. ಹಿಂದಿನ ಸಾಲಿನ ಒಬ್ಬ ಹುಡುಗಿ ನಾನು ಹಸಿರು ಕಾಗದ ಎತ್ತುವ ಮುಂಚೆಯೇ 'ಗ್ರೀನ್' ಅನ್ನುತ್ತಿದ್ದಳು. ಪಾಪ, ನನ್ನ ಮನಸ್ಸು ನೋಯದಿರಲಿ ಅಂತ ಇಡೀ ತರಗತಿ ಮತ್ತೊಮ್ಮೆ ಹೊಸದಾಗಿ ಕಲಿಯುತ್ತಿತ್ತು. ಅಲ್ಲಿನ ಟೀಚರ್ ತನ್ನ ಪಾಠ ನಿಲ್ಲಿಸಿ ಮೂರು ವಾರವೂ ಹಿಂದಿನ ಬೆಂಚಿನಲ್ಲಿ ಸುಮ್ನೆ ಕೂತಿದ್ದಳು. ಅವಳು ನಿಲ್ಲಿಸಿದ್ದು ಭಾಗಾಕಾರ. ಆಮೇಲೆ ಅದು ಮುಗಿಯಿತೋ ಇಲ್ಲವೋ.

ಇನ್ನು ನಿಮ್ಮ ಪತ್ರದ ಬಗ್ಗೆ ಒಂದು ಮಾತು. ಕೋಪ ಮಾಡಿಕೊಳ್ಳಬೇಡಿ. ಅದರಲ್ಲಿ 'ಮಕ್ಕಳು' ಅನ್ನುವುದು ಒಂದೇ ಸಲ ಬಂದಿದೆ. ಅವರ ವಯಸ್ಸೆಷ್ಟು, ಈಗ ಯಾರು ಕಲಿಸುತ್ತಾರೆ, ನಿಮಗೆ ಬಾರದ ಖ್ಮೇರ್ ಭಾಷೆಯ ಮಕ್ಕಳ ಜೊತೆ ಹೇಗೆ ಮಾತಾಡುತ್ತೀರಿ, ಒಂದೂ ಇಲ್ಲ. ಇರುವುದು 'ಸಾಕಾಗಿದೆ' ಮತ್ತು 'ನನ್ನಿಂದ ಯಾರಿಗೂ ಉಪಯೋಗ ಇಲ್ಲ'. ಇದು ತಪ್ಪಲ್ಲ. ಕೆಲಸದಲ್ಲಿ ಬೇಸತ್ತವರಿಗೆ ಎಲ್ಲಾದರೂ ಬೇಕಾದವರಾಗಿ ಇರಬೇಕು ಅನ್ನಿಸುವುದು ಸಹಜ. ಆದರೆ ಆ ಖಾಲಿತನ ತುಂಬಿಸುವ ಕೆಲಸವನ್ನು ಆರು ವರ್ಷದ ಮಗುವಿನ ಹೆಗಲಿಗೆ ಹಾಕಬಾರದು. ನಿಮಗೆ ಬೇಕಿರುವುದು ರಜೆಯಾದರೆ ರಜೆ ಹಾಕಿ, ಅಂಕೋರ್ ವಾಟ್‌ಗೇ ಹೋಗಿ, ಧಾರಾಳವಾಗಿ ಟೂರ್ ಮಾಡಿ. ಟೂರನ್ನು ಟೂರು ಅಂತಲೇ ಕರೆದರೆ ಯಾರಿಗೂ ನಷ್ಟ ಇಲ್ಲ. ಬೇಕಿರುವುದು ಬೇರೆ ಕೆಲಸವಾದರೆ ಅದು ಬೇರೆಯೇ ಪತ್ರ. ಅದನ್ನೂ ಬರೆಯಿರಿ.

ಎರಡೂ ಅಲ್ಲ, ನಿಜವಾಗಿಯೂ ಬಡ ಮಕ್ಕಳಿಗಾಗಿಯೇ ದುಡಿಯಬೇಕು ಅನ್ನುತ್ತೀರಾ? ಹಾಗಿದ್ದರೆ ನೀವು ಬೇಸತ್ತಿರುವ ಆ ಲೆಕ್ಕವೇ ನಿಮ್ಮ ಬಂಡವಾಳ. ನಿಮಗೆ ಇದು ಕೇಳಲು ಇಷ್ಟ ಆಗುವುದಿಲ್ಲ, ಗೊತ್ತು. ಆದರೆ ಮಕ್ಕಳಿಗಾಗಿ ಕೆಲಸ ಮಾಡುವ ಎಷ್ಟೋ ಸಣ್ಣ ಸಂಸ್ಥೆಗಳಿಗೆ ಲೆಕ್ಕದ ಪುಸ್ತಕ ನೆಟ್ಟಗೆ ಬರೆಯುವವರು ಸಿಗದೆ ದೇಣಿಗೆ ನಿಂತು ಹೋಗುತ್ತದೆ. ಬಣ್ಣದ ಹೆಸರು ಕಲಿಸುವವರು ಬೇಕಾದಷ್ಟು ಜನ ಇದ್ದಾರೆ. ಲೆಕ್ಕ ಬಲ್ಲವರು ಇಲ್ಲ. ವಿಶ್ವಸಂಸ್ಥೆಯ ಸ್ವಯಂಸೇವಕರ ವಿಭಾಗ 1970ರಿಂದ ಇದೆ. ಅದು ನಿಮ್ಮಿಂದ ಹಣ ಕೇಳುವುದಿಲ್ಲ, ಬದಲಿಗೆ ಬೇರೆ ದೇಶಕ್ಕೆ ಹೋಗುವವರಿಗೆ ಜೀವನಭತ್ಯೆ ಕೊಡುತ್ತದೆ. ಬ್ರಿಟನ್‌ನಲ್ಲಿ 1958ರಲ್ಲಿ ಶುರುವಾದ ವಿಎಸ್‌ಒ ಎಂಬ ಸ್ವಯಂಸೇವಾ ಸಂಸ್ಥೆ ಕೂಡ ಹುಡುಕುವುದು ಕಸುಬು ಬಲ್ಲವರನ್ನು. ಶಾಲೆಗಳಿಗೆ ಸಂಬಂಧಿಸಿದ ಕೆಲಸದಲ್ಲಿ ಮಕ್ಕಳ ಮುಂದೆ ನಿಲ್ಲುವುದಕ್ಕಿಂತ ಅಲ್ಲಿನ ಟೀಚರ್‌ಗಳ ಜೊತೆ ದುಡಿಯುವುದೇ ಜಾಸ್ತಿ. ಇವರೆಲ್ಲ ತಿಂಗಳುಗಟ್ಟಲೆ, ವರ್ಷಗಟ್ಟಲೆ ಕೇಳುತ್ತಾರೆ. ಅರ್ಜಿ ಹಾಕಬೇಕು, ಸಂದರ್ಶನ ಇರುತ್ತದೆ, 'ಬೇಡ' ಅಂತಲೂ ಅನ್ನಬಹುದು. ಯಾರನ್ನೂ ಬೇಡ ಅನ್ನದ ಏಜೆನ್ಸಿಗಿಂತ ಬೇಡ ಅನ್ನಬಲ್ಲ ಸಂಸ್ಥೆ ಮೇಲು. ಅಷ್ಟು ದಿನ ಬಿಡುವಿಲ್ಲದಿದ್ದರೆ ವಿಶ್ವಸಂಸ್ಥೆಯ ಅದೇ ವಿಭಾಗದಲ್ಲಿ ಆನ್‌ಲೈನ್ ಸ್ವಯಂಸೇವೆಯೂ ಇದೆ. ಸಂಜೆ ಮನೆಯಲ್ಲೇ ಕೂತು ಮಾಡಬಹುದು. ಫೋಟೋ ಮಾತ್ರ ಸಿಗುವುದಿಲ್ಲ.

ಇಷ್ಟೆಲ್ಲ ಓದಿಯೂ ನಿಮ್ಮ ಮನಸ್ಸು ಸಿಯೆಮ್ ರೀಪ್‌ಗೇ ಎಳೆಯುತ್ತಿದ್ದರೆ, ಉಳಿದ ಹಣ ಕಟ್ಟುವ ಮುಂಚೆ ಏಜೆನ್ಸಿಗೆ ಒಂದು ಪತ್ರ ಬರೆಯಿರಿ. ನನ್ನ ಪೊಲೀಸ್ ಪ್ರಮಾಣಪತ್ರವನ್ನು ಯಾಕೆ ಕೇಳಲಿಲ್ಲ ಅಂತ ಕೇಳಿ. ನಿಮ್ಮನ್ನು ಪರೀಕ್ಷಿಸದೆ ಮಕ್ಕಳ ಹತ್ತಿರ ಬಿಡುವವರು ಇನ್ನಾರನ್ನಾದರೂ ಹಾಗೆಯೇ ಬಿಡುತ್ತಾರೆ. ಈ ಮಕ್ಕಳಲ್ಲಿ ಎಷ್ಟು ಜನರಿಗೆ ಹೆತ್ತವರಿದ್ದಾರೆ, ಕಳೆದ ವರ್ಷ ಎಷ್ಟು ಜನ ಮನೆಗೆ ಮರಳಿದರು, ನಾನು ಕಟ್ಟುವ ಹಣದಲ್ಲಿ ಆಶ್ರಮಕ್ಕೆ ಹೋಗುವುದೆಷ್ಟು, ಅದನ್ನೂ ಕೇಳಿ. ಯಾವ ವೀಸಾದಲ್ಲಿ ಕಳಿಸುತ್ತೀರಿ ಅನ್ನುವುದನ್ನು ಮರೆಯಬೇಡಿ. ಎಷ್ಟೋ ದೇಶಗಳು ಸಂಬಳವಿಲ್ಲದ ಕೆಲಸವನ್ನೂ ಕೆಲಸ ಅಂತಲೇ ನೋಡುತ್ತವೆ. ಸಿಕ್ಕಿಬಿದ್ದರೆ ಏಜೆನ್ಸಿ ಅಲ್ಲ, ನೀವು ಉತ್ತರ ಹೇಳಬೇಕು.

ಮುಂಗಡದ ಹಣ ವಾಪಸ್ ಬರುತ್ತದೋ ಇಲ್ಲವೋ ಒಪ್ಪಂದ ಓದಿ ನೋಡಿ. ಆ ಕಾಗದವನ್ನು ಅಪ್ಪನ ಮುಂದೆಯೇ ಇಟ್ಟುಕೊಂಡು ಓದಿ. ಗೊಣಗುವವರಿಗೆ ಒಂದು ಕೆಲಸ ಸಿಕ್ಕಂತಾಗುತ್ತದೆ. ಬರದಿದ್ದರೆ ಹೋಗಲಿ ಬಿಡಿ. ಅದಕ್ಕಾಗಿ ಉಳಿದದ್ದನ್ನೂ ಕಟ್ಟಬೇಡಿ.